ವಿಲ್ಸನ್ ರೈಲು ಹತ್ತಿದ್ದು, ಒಪ್ಪಂದ ಬಿದ್ದದ್ದು: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಡಿಗ್ರಿ ಹುಡುಗರಿಗೆ ಇತಿಹಾಸ ಪಾಠ ಮಾಡುತ್ತೇನೆ. ಸಂಜೆ ಹೊತ್ತು ಕೆಎಎಸ್, ಪಿಎಸ್‌ಐ ಅಂತ ಓದುವವರೂ ಬರುತ್ತಾರೆ. ಮೊದಲ ಮಹಾಯುದ್ಧ ಮುಗಿದು, ಜರ್ಮನಿ ಜೊತೆ ಮಾಡಿದ ವರ್ಸೇಲ್ಸ್ ಒಪ್ಪಂದಕ್ಕೆ ತನ್ನ ಜನರನ್ನು ಒಪ್ಪಿಸಲು ಅಮೆರಿಕದ ಅಧ್ಯಕ್ಷ ವಿಲ್ಸನ್ ರೈಲಿನಲ್ಲಿ ಊರೂರು ತಿರುಗಿದ ಪಾಠ ಶುರುವಾದರೆ ಸಾಕು, ಪ್ರಶ್ನೆಗಳು ನಿಲ್ಲುವುದೇ ಇಲ್ಲ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಿಂದ ವಾಟ್ಸಾಪಿನಲ್ಲೂ ಬರುತ್ತವೆ. ರಾಯಚೂರಿನ ಒಬ್ಬ ನಿವೃತ್ತ ಮೇಷ್ಟ್ರು ಮಾತ್ರ ಈಗಲೂ ಕಾಗದ ಬರೆದೇ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ.

## ಮೊದಲು ಇಷ್ಟು ಗೊತ್ತಿರಲಿ

ಸರ್, ವರ್ಸೇಲ್ಸ್ ಒಪ್ಪಂದಕ್ಕೆ ಅಮೆರಿಕ ಸಹಿ ಹಾಕಿತ್ತಲ್ಲ? ಮತ್ತೆ ಒಪ್ಪಲಿಲ್ಲ ಅಂತ ಬರೆದಿದ್ದಾರೆ, ಯಾವುದು ಸರಿ?

ಎರಡೂ ಸರಿ. 1919ರ ಜೂನ್ 28ರಂದು ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಸಹಿ ಹಾಕಿದ. ಆದರೆ ಅಮೆರಿಕದ ಸಂವಿಧಾನದ ಪ್ರಕಾರ ಅಧ್ಯಕ್ಷನ ಸಹಿ ಸಾಲದು. ಅಲ್ಲಿನ ಸಂಸತ್ತಿನ ಮೇಲ್ಮನೆ, ಅಂದರೆ ಸೆನೆಟ್‌ನಲ್ಲಿ, ಹಾಜರಿದ್ದವರ ಪೈಕಿ ಮೂರರಲ್ಲಿ ಎರಡು ಪಾಲು ಜನ ಹೂಂ ಅನ್ನಬೇಕು. ಆಗ 48 ರಾಜ್ಯ, 96 ಸೆನೆಟರ್‌ಗಳು. ಎಲ್ಲರೂ ಬಂದರೆ 64 ಓಟು ಬೇಕು. ಅಷ್ಟು ಸಿಗಲೇ ಇಲ್ಲ.

ಓಟು ಹಾಕೋರು ಸೆನೆಟರ್‌ಗಳು ಅಂದ ಮ್ಯಾಲೆ ಈತ ಊರೂರು ತಿರುಗಿ ಜನಕ್ಕ ಭಾಷಣ ಮಾಡಿದ್ದು ಯಾಕ್ರೀ ಸರ?

ಈ ಪ್ರಶ್ನೆ ಕೇಳಿದ ಹುಡುಗ ಸಿಂಧನೂರಿನವನು. ಇಡೀ ಕಥೆಯ ಗಂಟು ಇರುವುದು ಇಲ್ಲೇ.

1913ರವರೆಗೆ ಸೆನೆಟರ್‌ಗಳನ್ನು ರಾಜ್ಯಗಳ ಶಾಸನಸಭೆಗಳೇ ಆರಿಸುತ್ತಿದ್ದವು. ಆ ವರ್ಷ ತಿದ್ದುಪಡಿ ಬಂತು, ಜನರೇ ನೇರವಾಗಿ ಆರಿಸುವ ಹಾಗಾಯಿತು. ವಿಲ್ಸನ್ ಲೆಕ್ಕ ಸರಳವಾಗಿತ್ತು: ಜನ ನನ್ನ ಕಡೆ ಬಂದರೆ ಸೆನೆಟರ್‌ಗಳು ಹೆದರಿ ದಾರಿಗೆ ಬರುತ್ತಾರೆ. ಆದರೆ ಸೆನೆಟರನ ಅವಧಿ 6 ವರ್ಷ. 1920ರಲ್ಲಿ ಚುನಾವಣೆಗೆ ನಿಲ್ಲಬೇಕಾದವರು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದವರಿಗೆ ಜನ ಚಪ್ಪಾಳೆ ಹೊಡೆದರೇನು, ಬಿಟ್ಟರೇನು? ಅವರು ಮತ್ತೆ ಜನರ ಮುಂದೆ ನಿಲ್ಲುವ ಹೊತ್ತಿಗೆ ಈ ಜಗಳವೇ ಮರೆತು ಹೋಗಿರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ವಿಲ್ಸನ್ ಒಪ್ಪಿಸಲು ಹೊರಟಿದ್ದು ಒಪ್ಪಿಸಬೇಕಾದವರನ್ನಲ್ಲ. ವಾಷಿಂಗ್ಟನ್ನಿನಲ್ಲೇ ಕೂತು ಹತ್ತಿಪ್ಪತ್ತು ಸೆನೆಟರ್‌ಗಳ ಜೊತೆ ಒಂದೆರಡು ಸಾಲಿಗೆ ರಾಜಿ ಮಾಡಿಕೊಂಡಿದ್ದರೆ ರೈಲು ಹತ್ತುವ ಗೋಜೇ ಇರುತ್ತಿರಲಿಲ್ಲ.

ಒಪ್ಪಂದದಾಗ ಅಂಥದ್ದೇನಿತ್ತು, ಅಷ್ಟು ಜಗಳ ಆಡಾಕ?

ಒಪ್ಪಂದದಲ್ಲಿ 440 ವಿಧಿಗಳಿದ್ದವು. ಜಗಳ ಹತ್ತಿದ್ದು ಹೆಚ್ಚಾಗಿ ಒಂದೇ ವಿಧಿಗೆ, 10ನೆಯದಕ್ಕೆ. ಮೊದಲ 26 ವಿಧಿಗಳು ರಾಷ್ಟ್ರಸಂಘದ, ಅಂದರೆ ಮುಂದೆ ಯುದ್ಧ ಆಗದಂತೆ ದೇಶಗಳೆಲ್ಲ ಸೇರಿ ಕಟ್ಟುವ ಸಂಸ್ಥೆಯ, ನಿಯಮಾವಳಿ. ಬೇರೆಯಾಗಿ ಕಿತ್ತು ಹಾಕಲು ಆಗಬಾರದು ಅಂತ ವಿಲ್ಸನ್ ಬೇಕೆಂದೇ ಅದನ್ನು ಒಪ್ಪಂದದೊಳಗೆ ಹೆಣೆದಿದ್ದ. 10ನೇ ವಿಧಿ ಹೇಳುವುದಿಷ್ಟು: ಸಂಘದ ಯಾವ ಸದಸ್ಯ ರಾಷ್ಟ್ರದ ಮೇಲೆ ಹೊರಗಿನವರು ದಾಳಿ ಮಾಡಿದರೂ ಅದರ ಗಡಿ ಮತ್ತು ಸ್ವಾತಂತ್ರ್ಯವನ್ನು ಉಳಿದವರು ಕಾಪಾಡಬೇಕು.

ವಿರೋಧಿಗಳು ಕೇಳಿದ್ದೂ ನ್ಯಾಯವಾಗಿಯೇ ಇತ್ತು. ಹಾಗಾದರೆ ಯುರೋಪಿನ ಯಾವುದೋ ಗಡಿಗಾಗಿ ನಮ್ಮ ಹುಡುಗರನ್ನು ಕಳಿಸಬೇಕಾ? ಯುದ್ಧ ಸಾರುವ ಹಕ್ಕು ಇರುವುದು ನಮ್ಮ ಸಂಸತ್ತಾದ ಕಾಂಗ್ರೆಸ್‌ಗಲ್ಲವಾ? ವಿಲ್ಸನ್ ಅದು ಕಾನೂನಿನ ಬಾಧ್ಯತೆ ಅಲ್ಲ, ನೈತಿಕ ಬಾಧ್ಯತೆ ಅಂದ. ಕಾನೂನಿಗಿಂತ ನೈತಿಕ ಬಾಧ್ಯತೆ ದೊಡ್ಡದು ಅಂತಲೂ ಅವನೇ ಹೇಳಿದ. ಕೇಳಿದವರಿಗೆ ಭಯ ಕಡಿಮೆಯಾಗುವ ಬದಲು ಜಾಸ್ತಿಯಾಯಿತು.

ಹೆನ್ರಿ ಕ್ಯಾಬಟ್ ಲಾಡ್ಜ್ ವಿಲನ್ ಅಲ್ವಾ ಸರ್?

ಸಿನಿಮಾ ಆಗಿದ್ದರೆ ಹೌದು. ಲಾಡ್ಜ್ ಸೆನೆಟ್‌ನಲ್ಲಿ ವಿಲ್ಸನ್‌ನ ಎದುರು ಪಕ್ಷವಾದ ರಿಪಬ್ಲಿಕನ್ ಪಕ್ಷದ ನಾಯಕ, ಅಲ್ಲಿನ ವಿದೇಶಾಂಗ ಸಮಿತಿಯ ಅಧ್ಯಕ್ಷ, ವಿಲ್ಸನ್‌ನನ್ನು ಕಂಡರೆ ಆಗುತ್ತಿರಲಿಲ್ಲ. ಒಪ್ಪಂದ ಸಮಿತಿಯ ಮುಂದೆ ಬಂದಾಗ ಅದನ್ನು ಮೊದಲ ಅಕ್ಷರದಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾ ಕೂತ. ಸುಮಾರು ಎರಡು ವಾರ! ಕೇಳಲು ಕೋಣೆಯಲ್ಲಿ ಜನ ಇಲ್ಲದಿದ್ದರೂ ಓದಿದ. ಆಮೇಲೆ ವಿಚಾರಣೆ ಅಂತ ಇನ್ನಷ್ಟು ವಾರ ಎಳೆದ. ಹೊತ್ತು ಕಳೆದಷ್ಟೂ ಜನರ ಉತ್ಸಾಹ ಇಳಿಯುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಲಾಡ್ಜ್ ಒಪ್ಪಂದವೇ ಬೇಡ ಅನ್ನಲಿಲ್ಲ. 14 ಷರತ್ತು ಹಾಕಿ ಒಪ್ಪೋಣ ಅಂದ. ಏನೇ ಆದರೂ ಬೇಡ ಅಂತ ಕೂತವರು ಬೇರೆ: ಐಡಹೋದ ವಿಲಿಯಂ ಬೋರಾ, ಕ್ಯಾಲಿಫೋರ್ನಿಯಾದ ಹೈರಮ್ ಜಾನ್ಸನ್ ಮುಂತಾದ ಹದಿನೈದರ ಆಸುಪಾಸಿನ ಜನ. ಈ ಎರಡು ಗುಂಪುಗಳ ನಡುವೆ, ಸಣ್ಣಪುಟ್ಟ ತಿದ್ದುಪಡಿ ಆದರೆ ಸಾಕು ಅನ್ನುವ ರಿಪಬ್ಲಿಕನ್ನರೂ ಇದ್ದರು. ವಿಲ್ಸನ್ ಹಿಡಿಯಬೇಕಿದ್ದದ್ದು ಅವರನ್ನೇ.

ಸೆನೆಟ್‌ನವರಿಗೆ ಮೊದಲಿಂದಲೂ ಸಿಟ್ಟು ಯಾಕಿತ್ತು? ಶಾಂತಿ ಬೇಡ ಅನ್ನುವಂಥದ್ದೇನಾಗಿತ್ತು?

ನಮ್ಮ ಕಡೆ ಅಣ್ತಮ್ಮಂದಿರು ಹೊಲ ಪಾಲು ಮಾಡಿಕೊಳ್ಳುವಾಗ ಒಬ್ಬನನ್ನು ಕರೆಯದೆ ಹಿರಿಯರು ಕಾಗದ ಬರೆದುಬಿಟ್ಟರೆ ಏನಾಗುತ್ತದೆ ಗೊತ್ತಲ್ಲ? ಪಾಲು ಎಷ್ಟೇ ನ್ಯಾಯವಾಗಿರಲಿ, ಆತ ಹೆಬ್ಬೆಟ್ಟು ಒತ್ತುವುದಿಲ್ಲ.

1918ರ ನವೆಂಬರಿನಲ್ಲಿ ಮಧ್ಯಂತರ ಚುನಾವಣೆ ಇತ್ತು. ಅದಕ್ಕೆ ಸ್ವಲ್ಪ ಮೊದಲು ವಿಲ್ಸನ್ ನನ್ನ ಡೆಮಾಕ್ರಟಿಕ್ ಪಕ್ಷವನ್ನೇ ಗೆಲ್ಲಿಸಿ ಅಂತ ಬಹಿರಂಗವಾಗಿ ಬೇಡಿಕೊಂಡ. ಯುದ್ಧಕ್ಕೆ ಬೆಂಬಲ ಕೊಟ್ಟಿದ್ದ ರಿಪಬ್ಲಿಕನ್ನರಿಗೆ ಇದು ಮುಖಕ್ಕೆ ಹೊಡೆದ ಹಾಗಾಯಿತು. ಅವರು ಎರಡೂ ಸದನ ಗೆದ್ದರು. ಸೆನೆಟ್‌ನಲ್ಲಿ 49ಕ್ಕೆ 47. ಅಷ್ಟಾದರೂ ಶಾಂತಿ ಮಾತುಕತೆಗೆ ಪ್ಯಾರಿಸ್‌ಗೆ ಹೊರಟ ನಿಯೋಗದಲ್ಲಿ ಒಬ್ಬ ಸೆನೆಟರ್ ಇಲ್ಲ. ಇದ್ದ ಒಬ್ಬನೇ ರಿಪಬ್ಲಿಕನ್ ಹೆನ್ರಿ ವೈಟ್, ಅವನೂ ಹಳೆಯ ರಾಜತಾಂತ್ರಿಕ, ಪಕ್ಷದಲ್ಲಿ ಅವನ ಮಾತು ನಡೆಯುತ್ತಿರಲಿಲ್ಲ. 1919ರ ಮಾರ್ಚ್‌ನಲ್ಲೇ ಸೆನೆಟರ್‌ಗಳು ಮತ್ತು ಹೊಸದಾಗಿ ಗೆದ್ದವರು ಸೇರಿ 39 ಜನ, ಈ ರೂಪದಲ್ಲಿ ನಾವು ಒಪ್ಪುವುದಿಲ್ಲ ಅಂತ ಪತ್ರಕ್ಕೆ ಹೆಸರು ಕೊಟ್ಟರು. ಒಪ್ಪಂದ ಬೀಳಿಸಲು 33 ಜನ ಸಾಕಾಗಿತ್ತು.

## ರೈಲು ಪ್ರವಾಸದ ಬಗ್ಗೆ

ಪ್ರವಾಸದ ಮುಖ್ಯ ಅಂಶಗಳನ್ನು ಹೇಳಿ ಸರ್, ನೋಟ್ಸ್‌ಗೆ ಬೇಕು.

1919ರ ಸೆಪ್ಟೆಂಬರ್ 3ರಂದು ವಾಷಿಂಗ್ಟನ್ನಿನಿಂದ ಹೊರಟ. ಮೊದಲ ಭಾಷಣ ಮರುದಿನ ಒಹಾಯೋದ ಕೊಲಂಬಸ್‌ನಲ್ಲಿ. ಪಶ್ಚಿಮ ಕರಾವಳಿ ಮುಟ್ಟಿ ತಿರುಗಿದ. ಕೊನೆಯ ಭಾಷಣ ಸೆಪ್ಟೆಂಬರ್ 25ರಂದು ಕೊಲರಾಡೊದ ಪ್ಯುಬ್ಲೊದಲ್ಲಿ. ಒಟ್ಟು ಸುಮಾರು 8,000 ಮೈಲಿ, 40ರಷ್ಟು ಭಾಷಣ. ಆಗ ಅವನಿಗೆ 62 ವರ್ಷ. ಜೊತೆಗೆ ಹೆಂಡತಿ ಎಡಿತ್, ಡಾಕ್ಟರ್ ಕ್ಯಾರಿ ಗ್ರೇಸನ್, ಕಾರ್ಯದರ್ಶಿ ಜೋಸೆಫ್ ಟಮಲ್ಟಿ, ಪತ್ರಕರ್ತರ ದೊಡ್ಡ ಗುಂಪು. ಹೋಗಬೇಡಿ, ಮೈ ತಡೆಯುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದ.

ಮೈಕಿಲ್ಲದ ಕಾಲದಾಗ ಅಷ್ಟು ಜನಕ್ಕ ಹೆಂಗ ಕೇಳಿಸ್ತಿತ್ತು?

ಕೇಳಿಸುತ್ತಿರಲಿಲ್ಲ ಅಂತಲೇ ಹೇಳಬೇಕು. ಮುಂದೆ ನಿಂತವರಿಗೆ ಕೇಳಿಸುತ್ತಿತ್ತು, ಹಿಂದಿನವರು ಮುಖ ನೋಡಿ ಹೋಗುತ್ತಿದ್ದರು, ಮರುದಿನ ಪತ್ರಿಕೆಯಲ್ಲಿ ಓದುತ್ತಿದ್ದರು. ದಿನಕ್ಕೆ ಎರಡು ಮೂರು ಸಲ ಗಂಟಲು ಹರಿಯುವಂತೆ ಕೂಗುವುದು, ರಾತ್ರಿ ಓಡುವ ರೈಲಿನಲ್ಲಿ ಮಲಗುವುದು. ತಲೆನೋವು ವಿಪರೀತ. ಎತ್ತರದ ಪ್ರದೇಶಕ್ಕೆ ಹೋದಂತೆ ಉಸಿರಾಟದ ತೊಂದರೆ ಶುರುವಾಗಿ, ರಾತ್ರಿ ಮಲಗಲಾಗದೆ ಕೂತೇ ನಿದ್ದೆ ಮಾಡಿದ.

ಸ್ಯಾನ್ ಡಿಯೇಗೊದಲ್ಲಿ ಮಾತ್ರ ಹೊಸದೊಂದು ಪ್ರಯೋಗ ನಡೆಯಿತು. ಸೆಪ್ಟೆಂಬರ್ 19ರಂದು, ಬಯಲು ಕ್ರೀಡಾಂಗಣದಲ್ಲಿ, ಹತ್ತಾರು ಸಾವಿರ ಜನ. ಗಾಳಿಯ ಸದ್ದು ಬರಬಾರದು ಅಂತ ವೇದಿಕೆ ಮೇಲೆ ಗಾಜಿನ ಕೋಣೆ ಕಟ್ಟಿದ್ದರು. ಅದರೊಳಗೆ ನಿಂತು ಮೇಲೆ ತೂಗುಹಾಕಿದ ಯಂತ್ರಕ್ಕೆ ವಿಲ್ಸನ್ ಮಾತಾಡಬೇಕು, ಅದು ವಿದ್ಯುತ್ತಿನಿಂದ ದೊಡ್ಡದಾಗಿ ಹೊರಗೆ ಕೇಳಬೇಕು. ಕೇಳಿತು ಕೂಡ. ಆದರೆ ಅವನಿಗೆ ಅದು ಹಿಡಿಸಲಿಲ್ಲ. ಜನರ ಕಣ್ಣು ನೋಡಿಕೊಂಡು ಮಾತಾಡುವ ಮನುಷ್ಯ, ಗಾಜಿನ ಪೆಟ್ಟಿಗೆಯಲ್ಲಿ ಒಂದೇ ಜಾಗದಲ್ಲಿ ಅಲುಗಾಡದೆ ನಿಲ್ಲಬೇಕಾಯಿತು. ಅಮೆರಿಕದಲ್ಲಿ ರೇಡಿಯೋ ಪ್ರಸಾರ ಸರಿಯಾಗಿ ಶುರುವಾಗಿದ್ದು ಅದರ ಮುಂದಿನ ವರ್ಷ. ಒಂದೇ ವರ್ಷದ ಅಂತರದಲ್ಲಿ ತಪ್ಪಿಹೋಯಿತು ನೋಡಿ.

ಜನ ಸೇರಿದ್ರು ಅಂತೀರಿ, ಚಪ್ಪಾಳೆ ಹೊಡೆದ್ರು ಅಂತೀರಿ. ಮತ್ತೆ ಪರಿಣಾಮ ಯಾಕಾಗಲಿಲ್ಲ?

ಮೊದಲು ಸ್ವಲ್ಪ ಮಂಕಾಗಿತ್ತು, ಪಶ್ಚಿಮಕ್ಕೆ ಹೋದಂತೆ ಜನ ಕಿಕ್ಕಿರಿದರು. ಆದರೆ ಬೋರಾ, ಜಾನ್ಸನ್ ಕೂಡ ಸುಮ್ನೆ ಕೂತಿರಲಿಲ್ಲ. ತಾವೂ ಊರೂರು ತಿರುಗಿ ಎದುರು ಭಾಷಣ ಮಾಡಿದರು, ಅಲ್ಲೂ ಜನ ಕಿಕ್ಕಿರಿದರು. ಅವರ ಓಡಾಟಕ್ಕೆ ಉಕ್ಕಿನ ಸಾಹುಕಾರ ಹೆನ್ರಿ ಫ್ರಿಕ್, ಬ್ಯಾಂಕಿನ ಆಂಡ್ರ್ಯೂ ಮೆಲನ್ ಹಣ ಕೊಟ್ಟರು.

ಇನ್ನೊಂದು ಕಡೆ ಊರಲ್ಲಿ ಬೇರೆಯದೇ ಗೋಳು. ಬೆಲೆ ಗಗನಕ್ಕೇರಿತ್ತು. ಸೆಪ್ಟೆಂಬರ್ 9ಕ್ಕೆ ಬಾಸ್ಟನ್ ಪೊಲೀಸರೇ ಮುಷ್ಕರ ಹೂಡಿದರು, 22ಕ್ಕೆ ಉಕ್ಕು ಕಾರ್ಖಾನೆಗಳ ಕಾರ್ಮಿಕರು. ಅಕ್ಕಿ ಬೇಳೆ ರೇಟು ಕೇಳುತ್ತಿರುವವನಿಗೆ ಪೋಲೆಂಡಿನ ಗಡಿ ಬಗ್ಗೆ ಹೇಳಿದರೆ ಎಷ್ಟು ಹೊತ್ತು ಕೇಳಿಯಾನು?

ಮೂರನೆಯದು ಒಳಗಿನ ಪೆಟ್ಟು. ಪ್ಯಾರಿಸ್‌ನಲ್ಲಿ ನಿಯೋಗದ ಜೊತೆ ಕೆಲಸ ಮಾಡಿ ರಾಜೀನಾಮೆ ಕೊಟ್ಟು ಬಂದಿದ್ದ ವಿಲಿಯಂ ಬುಲಿಟ್ ಅನ್ನುವ ಯುವಕ ಸೆಪ್ಟೆಂಬರ್ 12ರಂದು ಲಾಡ್ಜ್ ಸಮಿತಿ ಮುಂದೆ ಹೇಳಿಕೆ ಕೊಟ್ಟ. ಈ ಒಪ್ಪಂದದಲ್ಲಿ ಏನಿದೆ ಅಂತ ಜನರಿಗೆ ನಿಜವಾಗಿ ತಿಳಿದರೆ ಅವರೇ ಸೋಲಿಸುತ್ತಾರೆ ಅಂತ ವಿದೇಶಾಂಗ ಕಾರ್ಯದರ್ಶಿ ಲ್ಯಾನ್ಸಿಂಗ್ ನನ್ನ ಹತ್ತಿರ ಹೇಳಿದ್ದರು ಅಂದುಬಿಟ್ಟ. ಲ್ಯಾನ್ಸಿಂಗ್ ವಿಲ್ಸನ್‌ನ ಸ್ವಂತ ಮಂತ್ರಿ! ಅವನು ಸರಿಯಾಗಿ ಅಲ್ಲಗಳೆಯಲೂ ಇಲ್ಲ. ಸುದ್ದಿ ಮುಟ್ಟುವಾಗ ವಿಲ್ಸನ್ ರೈಲಿನಲ್ಲಿದ್ದ.

ಪ್ಯುಬ್ಲೊದಲ್ಲಿ ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳ್ತೀರಾ?

ಭಾಷಣ ಮಾಡುತ್ತಾ ಮಾತು ತೊದಲಿತು. ಆದರೂ ಮುಗಿಸಿದ. ಫ್ರಾನ್ಸಿನಲ್ಲಿ ಮಗನನ್ನು ಕಳಕೊಂಡ ತಾಯಂದಿರು ತನ್ನ ಕೈ ಹಿಡಿದು ದೇವರು ಒಳ್ಳೆಯದು ಮಾಡಲಿ ಅಂದದ್ದನ್ನು ಹೇಳಿದಾಗ ಸಭೆಯಲ್ಲಿ ಅತ್ತವರಿದ್ದರು.

ಊರಿನಿಂದ ಸ್ವಲ್ಪ ದೂರ ಹೋದ ಮೇಲೆ ಡಾಕ್ಟರ್ ರೈಲು ನಿಲ್ಲಿಸಿದ. ನಡೆದಾಡಿದರೆ ತಲೆನೋವು ಇಳಿಯಬಹುದು ಅಂತ ವಿಲ್ಸನ್, ಎಡಿತ್, ಗ್ರೇಸನ್ ಮೂವರೂ ಹಳ್ಳಿ ರಸ್ತೆಯಲ್ಲಿ ಹೊರಟರು. ಎದುರಿಗೆ ಸಣ್ಣ ಕಾರಿನಲ್ಲಿ ಬಂದ ವಯಸ್ಸಾದ ರೈತ ಗುರುತು ಹಿಡಿದು, ಒಂದು ಎಲೆಕೋಸು, ಒಂದಷ್ಟು ಸೇಬು ಕೈಗಿಟ್ಟ. ಮುಂದೆ ಒಂದು ಮನೆಯ ಜಗಲಿಯಲ್ಲಿ ಕಾಯಿಲೆಯ ಸಿಪಾಯಿ ಹುಡುಗ ಕುರ್ಚಿಯಲ್ಲಿ ಕೂತಿದ್ದ. ವಿಲ್ಸನ್ ಬೇಲಿ ಹತ್ತಿ ಇಳಿದು ಹೋಗಿ ಅವನ ಕೈ ಕುಲುಕಿ ಬಂದ. ಆ ರಾತ್ರಿಯೇ ಮೈ ಪೂರ್ತಿ ಕೈಕೊಟ್ಟಿತು. ಬೆಳಿಗ್ಗೆ ಉಳಿದ ಕಾರ್ಯಕ್ರಮವೆಲ್ಲ ರದ್ದು. ರೈಲು ನೇರ ವಾಷಿಂಗ್ಟನ್ನಿಗೆ. ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿದು ಎಡಭಾಗ ಬಿದ್ದುಹೋಯಿತು.

ಯುದ್ಧಕ್ಕೆ ಜನರನ್ನ ಒಪ್ಪಿಸಿದವರಿಗೆ ಶಾಂತಿಗೆ ಒಪ್ಪಿಸೋಕೆ ಯಾಕಾಗಲಿಲ್ಲ? ಶಾಂತಿ ಸುಲಭ ಅಲ್ವಾ?

ಅಲ್ಲ. ಶಾಂತಿಯೇ ಕಷ್ಟ.

1917ರ ಏಪ್ರಿಲ್‌ನಲ್ಲಿ ಯುದ್ಧಕ್ಕೆ ಇಳಿದ ಕೂಡಲೇ ವಿಲ್ಸನ್ ಸರ್ಕಾರ ಪ್ರಚಾರಕ್ಕಾಗಿ ಜಾರ್ಜ್ ಕ್ರೀಲ್ ಅನ್ನುವ ಪತ್ರಕರ್ತನ ಕೈಗೆ ಒಂದು ಸಮಿತಿ ಕೊಟ್ಟಿತು. ಅದರ ಒಂದು ತಂತ್ರ ನನಗೆ ಬಹಳ ಇಷ್ಟ. ಸಿನಿಮಾ ಟಾಕೀಸಿನಲ್ಲಿ ರೀಲು ಬದಲಿಸಲು ಸುಮಾರು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಊರಿನದೇ ಒಬ್ಬ ಮನುಷ್ಯ, ವಕೀಲನೋ ಮೇಷ್ಟ್ರೋ ಅಂಗಡಿಯವನೋ, ಎದ್ದು ನಿಂತು ಯುದ್ಧ ಯಾಕೆ ಬೇಕು ಅಂತ ನಾಲ್ಕೇ ನಿಮಿಷ ಮಾತಾಡಿ ಕೂತುಬಿಡಬೇಕು. ಇಂಥ 75,000 ಸ್ವಯಂಸೇವಕರಿದ್ದರು. ದೇಶದ ಅಧ್ಯಕ್ಷ ಹೇಳಿದರೆ ಅನುಮಾನ ಬರಬಹುದು, ಪಕ್ಕದ ಬೀದಿಯವನು ಹೇಳಿದರೆ ನಂಬಿಕೆ ಬರುತ್ತದೆ. ಸರಿ, ಕದನವಿರಾಮ ಆದ ಕೂಡಲೇ ದೇಶದೊಳಗಿನ ಈ ವ್ಯವಸ್ಥೆಯನ್ನು ಮುಚ್ಚಿಬಿಟ್ಟರು! ಶಾಂತಿಯ ಹೊತ್ತಿಗೆ ಉಳಿದದ್ದು ಒಬ್ಬನೇ ಮಾತುಗಾರ, ಒಂದೇ ರೈಲು. ಮಾಜಿ ಅಧ್ಯಕ್ಷ ಟ್ಯಾಫ್ಟ್ ಮುಂದಾಳತ್ವದ ಒಂದು ಸಂಘಟನೆ ರಾಷ್ಟ್ರಸಂಘದ ಪರವಾಗಿ 1915ರಿಂದಲೇ ಕೆಲಸ ಮಾಡುತ್ತಿತ್ತು, ನಿಜ. ಟ್ಯಾಫ್ಟ್ ರಿಪಬ್ಲಿಕನ್ ಬೇರೆ. ವಿಲ್ಸನ್ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಎರಡನೆಯ ಮಾತು. ಒಂದೂವರೆ ವರ್ಷ ಜರ್ಮನ್ ಅಂದರೆ ರಾಕ್ಷಸ ಅಂತ ಜನರ ತಲೆಗೆ ತುಂಬಿದ್ದರು. ಎಲೆಕೋಸಿನ ಜರ್ಮನ್ ಉಪ್ಪಿನಕಾಯಿಯ ಹೆಸರನ್ನೂ ಬದಲಿಸಿದ್ದರು. ಇಷ್ಟು ಮಾಡಿದ ಮೇಲೆ ಒಂದು ದಿನ ಎದ್ದು, ಬನ್ನಿ, ಎಲ್ಲ ದೇಶಗಳೂ ಒಟ್ಟಾಗಿ ಬಾಳೋಣ ಅಂದರೆ?

ಮೂರನೆಯದು ಇನ್ನೂ ಕೆಟ್ಟದ್ದು. ಶಾಂತಿಗಾಗಿ ಬೀದಿಗಿಳಿದು ಕೆಲಸ ಮಾಡುವಂಥ ಜನ ಯಾರು? ಎಡಪಂಥೀಯರು, ಯುದ್ಧ ವಿರೋಧಿಗಳು. ಅವರಲ್ಲಿ ಎಷ್ಟೋ ಜನರನ್ನು ವಿಲ್ಸನ್ ಸರ್ಕಾರವೇ ಜೈಲಿಗೆ ಹಾಕಿತ್ತು. ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ಗೆ ಒಂದು ಭಾಷಣಕ್ಕೆ 10 ವರ್ಷ ಶಿಕ್ಷೆ. ಯುದ್ಧ ಮುಗಿದ ಮೇಲೂ ವಿಲ್ಸನ್ ಬಿಡಲಿಲ್ಲ, ಬಿಟ್ಟಿದ್ದು ಮುಂದೆ ಬಂದ ಹಾರ್ಡಿಂಗ್. ಹೊರಗಿದ್ದ ಉದಾರವಾದಿಗಳಿಗೂ ಒಪ್ಪಂದ ಓದಿ ಬೇಸರವಾಗಿತ್ತು. ಶಾಂತಿ ಹೇಗಿರಬೇಕು ಅಂತ ವಿಲ್ಸನ್ ಮೊದಲು ಸಾರಿದ್ದ 14 ಅಂಶಗಳಲ್ಲಿ ಹೇಳಿದ್ದೇನು, ಇಲ್ಲಿ ಬರೆದಿರುವುದೇನು ಅಂತ. ಚೀನಾದ ಶಾಂಡೊಂಗ್‌ನಲ್ಲಿ ಜರ್ಮನಿಗಿದ್ದ ಹಕ್ಕನ್ನು ಜಪಾನಿಗೆ ಕೊಟ್ಟಿದ್ದು ಎಲ್ಲರ ಕಣ್ಣು ಕುಕ್ಕಿತು. ಐರಿಶ್ ಮೂಲದವರಿಗೆ ಐರ್ಲೆಂಡಿಗೆ ಸ್ವಾತಂತ್ರ್ಯ ಸಿಗದ ಸಿಟ್ಟು, ಇಟಲಿ ಮೂಲದವರಿಗೆ ಫಿಯುಮೆ ಬಂದರು ಇಟಲಿಗೆ ಸಿಗದ ಸಿಟ್ಟು, ಜರ್ಮನ್ ಮೂಲದವರ ಬಗ್ಗೆ ಹೇಳುವುದೇ ಬೇಡ. ಒಬ್ಬೊಬ್ಬರಿಗೂ ಒಂದೊಂದು ಕಾರಣ. ಬೇಡ ಅನ್ನಲು ಎಲ್ಲರ ಕಾರಣ ಒಂದೇ ಆಗಿರಬೇಕಿಲ್ಲ ನೋಡಿ. ಬೇಕು ಅನ್ನುವವರು ಮಾತ್ರ ಇಡೀ ಒಪ್ಪಂದವನ್ನು ಹೊರಬೇಕು.

## ನಮ್ಮ ಕಡೆಗೆ ಬಂದರೆ

ಈ ಒಪ್ಪಂದಕ್ಕೂ ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳಕ್ಕೂ ಏನಾದ್ರೂ ಸಂಬಂಧ ಐತೇನ್ರಿ?

ಐತ್ರಿ. ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು ನಿಜಾಮನದು, ಕೊಪ್ಪಳ ನಿಜಾಮನ ಸೀಮೆಯೊಳಗೆ ಸಾಲಾರ್ ಜಂಗ್ ಜಹಗೀರು. ಯುದ್ಧದಲ್ಲಿ ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇಡಲು ಬ್ರಿಟಿಷರು ಮಾಡಿದ ಶಿಬಿರಗಳಲ್ಲಿ ಬಳ್ಳಾರಿಯದೂ ಒಂದು. ಅಂದರೆ ಆ ಯುದ್ಧ ನಮ್ಮ ಊರ ತನಕ ಬಂದಿತ್ತು.

ವರ್ಸೇಲ್ಸ್ ಒಪ್ಪಂದದಲ್ಲಿ ಭಾರತದ ಹೆಸರಿನಲ್ಲೂ ಸಹಿ ಇದೆ. ಹಾಕಿದವರು ಬ್ರಿಟಿಷ್ ಮಂತ್ರಿ ಎಡ್ವಿನ್ ಮಾಂಟೆಗ್ಯು ಮತ್ತು ಬಿಕಾನೇರ್ ಮಹಾರಾಜ ಗಂಗಾ ಸಿಂಗ್. ನಮ್ಮನ್ನು ಯಾರಾದರೂ ಕೇಳಿದರಾ? ಆ ಸಹಿಗೆ ಎರಡೂವರೆ ತಿಂಗಳ ಹಿಂದೆ, ಏಪ್ರಿಲ್ 13ರಂದು, ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿತ್ತು. ಕೇಳುವ ರೀತಿ ಹಾಗಿತ್ತು.

ಈಗ ಸ್ವಾರಸ್ಯ ನೋಡಿ. ಹೀಗೆ ಹೇಳದೆ ಕೇಳದೆ ಸಿಕ್ಕ ಈ ಸ್ಥಾನವೇ ಅಮೆರಿಕದಲ್ಲಿ ಒಪ್ಪಂದದ ವಿರುದ್ಧ ಆಯುಧವಾಯಿತು. ರಾಷ್ಟ್ರಸಂಘದ ಮಹಾಸಭೆಯಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಭಾರತ ಸೇರಿ ಬ್ರಿಟಿಷ್ ಸಾಮ್ರಾಜ್ಯಕ್ಕೆ 6 ಓಟು, ಅಮೆರಿಕಕ್ಕೆ ಒಂದೇ, ಇದೆಲ್ಲಿಯ ನ್ಯಾಯ ಅಂತ ಜಾನ್ಸನ್ ಹೋದಲ್ಲೆಲ್ಲ ಕೂಗಿದ. ಮುಖ್ಯ ನಿರ್ಧಾರ ಆಗುವ ಮಂಡಳಿಯಲ್ಲಿ ಬ್ರಿಟನ್ನಿಗೂ ಒಂದೇ ಓಟು, ಅಲ್ಲಿ ಅಮೆರಿಕ ಬೇಡ ಅಂದರೆ ಯಾವುದೂ ನಡೆಯುವುದಿಲ್ಲ ಅಂತ ವಿಲ್ಸನ್ ವಿವರಿಸಿದ. 6ಕ್ಕೆ 1 ಅನ್ನುವ ಘೋಷಣೆಗೆ ಮೂರು ಪದ ಸಾಕು, ಅದಕ್ಕೆ ಉತ್ತರ ಕೊಡಲು ಹತ್ತು ನಿಮಿಷ ಬೇಕು. ಗೆದ್ದದ್ದು ಘೋಷಣೆ.

ತುರ್ಕಿಯ ಜೊತೆ ಮಾಡಿದ ಒಪ್ಪಂದ ಬೇರೆ, 1920ರ ಸೆವ್ರ್ ಒಪ್ಪಂದ. ಆಗಲೇ ಶುರುವಾಗಿದ್ದ ಖಿಲಾಫತ್ ಚಳವಳಿಯ ಕಿಚ್ಚು ಹೆಚ್ಚಿಸಿದ್ದು ಅದರ ಷರತ್ತುಗಳು. ತುರ್ಕರೇ ಅದನ್ನು ಒಪ್ಪದೆ ಹೋರಾಡಿ, 1923ರಲ್ಲಿ ಲಾಸಾನ್ ಒಪ್ಪಂದ ಅಂತ ಹೊಸದು ಬರೆಸಿಕೊಂಡರು.

ಜನರನ್ನು ಕೇಳದೆ ಒಪ್ಪಂದ ಮಾಡುವುದು ನಮ್ಮ ಸೀಮೆಗೂ ಹೊಸದಲ್ಲ. ಟಿಪ್ಪು ಸೋತ ಮೇಲೆ ನಿಜಾಮನ ಪಾಲಿಗೆ ಬಂದಿದ್ದ ಬಳ್ಳಾರಿಯನ್ನು, ಕಂಪನಿ ಸೈನ್ಯದ ಖರ್ಚಿಗೆ ಅಂತ 1800ರ ಒಪ್ಪಂದದಲ್ಲಿ ನಿಜಾಮ ಇಂಗ್ಲಿಷರಿಗೆ ಕೊಟ್ಟ. ದತ್ತ ಮಂಡಲ ಅಂತ ಹೆಸರು ಬಂತು, ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ರೈತನಿಗೆ ಗೊತ್ತಾಗಿದ್ದು ಕಂದಾಯ ಕಟ್ಟುವ ಕಛೇರಿ ಬದಲಾದಾಗ.

## ಇನ್ನು ಸ್ವಲ್ಪ ಆಳಕ್ಕೆ

ಎರಡು ಮೂರು ಸಲ ಓಟಾಯ್ತಂತೆ. ಪ್ರತಿ ಪುಸ್ತಕದಲ್ಲೂ ಬೇರೆ ಬೇರೆ ಸಂಖ್ಯೆ ಇದೆ. ಸರಿಯಾದ ಲೆಕ್ಕ ಹೇಳಿ.

1919ರ ನವೆಂಬರ್ 19ರಂದು ಲಾಡ್ಜ್ ಷರತ್ತುಗಳ ಸಮೇತ ಮತಕ್ಕೆ ಹಾಕಿದರು: ಪರ 39, ವಿರೋಧ 55. ಅದೇ ದಿನ ಷರತ್ತಿಲ್ಲದೆ ಹಾಕಿದರು: ಪರ 38, ವಿರೋಧ 53. 1920ರ ಮಾರ್ಚ್ 19ರಂದು ಮತ್ತೆ ಷರತ್ತುಗಳ ಜೊತೆ: ಪರ 49, ವಿರೋಧ 35. ಆ ದಿನ ಬೇಕಿದ್ದದ್ದು 56. ಏಳು ಓಟು ಕಮ್ಮಿ.

ಈ 35 ಯಾರು ಅಂತ ನೋಡಿ. 12 ಜನ ಹಟ ಹಿಡಿದ ರಿಪಬ್ಲಿಕನ್ನರು. ಉಳಿದ 23 ಜನ ವಿಲ್ಸನ್‌ನ ಸ್ವಂತ ಪಕ್ಷದವರು! ಷರತ್ತು ಹಾಕಿದ ಒಪ್ಪಂದಕ್ಕಿಂತ ಒಪ್ಪಂದ ಇಲ್ಲದಿರುವುದೇ ಮೇಲು ಅಂತ ಹಾಸಿಗೆಯಿಂದಲೇ ಅವನು ಹೇಳಿ ಕಳಿಸಿದ್ದ. ಅವರಲ್ಲಿ ಏಳು ಜನ ಮಾತು ಮೀರಿದ್ದರೆ 56 ಆಗುತ್ತಿತ್ತು. ಅದೇ ಪಕ್ಷದ ಬೇರೆ 21 ಜನ ಮೀರಿದ್ದರು ಕೂಡ. ಒಪ್ಪಂದವನ್ನು ಕೊಂದದ್ದು ಲಾಡ್ಜ್ ಅಂತ ಗೈಡುಗಳಲ್ಲಿ ಬರೆದಿರುವುದನ್ನು ಓದುವಾಗ ಈ 23ನ್ನು ನೆನಪಿಡಿ.

ಪಾರ್ಶ್ವವಾಯು ಆಗದಿದ್ರೆ ವಿಲ್ಸನ್ ಗೆಲ್ತಿದ್ದನಾ?

ಭಾಷಣದಿಂದ ಗೆಲ್ಲುತ್ತಿರಲಿಲ್ಲ. ಪ್ರವಾಸದಿಂದ ಯಾವ ಸೆನೆಟರೂ ಮನಸ್ಸು ಬದಲಿಸಿದ ಗುರುತಿಲ್ಲ. ಆದರೆ ರಾಜಿಯಿಂದ ಗೆಲ್ಲಬಹುದಿತ್ತು. ರೈಲು ಹತ್ತುವ ಮುಂಚೆ ತನ್ನ ಪಕ್ಷದ ಸೆನೆಟರ್ ಗಿಲ್ಬರ್ಟ್ ಹಿಚ್‌ಕಾಕ್ ಕೈಗೆ ನಾಲ್ಕು ವಿವರಣಾ ಷರತ್ತುಗಳನ್ನು ವಿಲ್ಸನ್ ಗುಟ್ಟಾಗಿ ಕೊಟ್ಟಿದ್ದ, ನನ್ನ ಹೆಸರು ಹೇಳಬೇಡ ಅಂತ. ಅಂದರೆ ಗಟ್ಟಿಮುಟ್ಟಾಗಿದ್ದ ವಿಲ್ಸನ್ ಸ್ವಲ್ಪವಾದರೂ ಬಗ್ಗುವವನಿದ್ದ. ಹಾಸಿಗೆ ಹಿಡಿದ ಮೇಲೆ ಹೆಂಡತಿ ಮತ್ತು ಡಾಕ್ಟರ್ ಬಿಟ್ಟವರು ಮಾತ್ರ ಒಳಗೆ, ಅವರು ಬಿಟ್ಟ ಸುದ್ದಿ ಮಾತ್ರ ಕಿವಿಗೆ. ಆ ಸ್ಥಿತಿಯಲ್ಲಿ ಹಟ ಬಲಿಯಿತು.

1920ರ ಚುನಾವಣೆಯೇ ಜನಮತಗಣನೆ ಅಂತ ವಿಲ್ಸನ್ ಅಂದಿದ್ದನಲ್ಲ, ಜನ ತಿರಸ್ಕರಿಸಿದ್ರು ಅಂತ ಬರೀಬಹುದಾ?

ಹುಷಾರಾಗಿ ಬರೆಯಿರಿ. ಹಾರ್ಡಿಂಗ್ 60 ಪರ್ಸೆಂಟ್ ದಾಟಿ ಗೆದ್ದ, ನಿಜ. ಆದರೆ ಅವನು ಯಾವ ಕಡೆ ಅಂತ ಅವನ ಭಾಷಣ ಕೇಳಿದವರಿಗೆ ತಿಳಿಯುತ್ತಿರಲಿಲ್ಲ. ರಾಷ್ಟ್ರಸಂಘ ಬೇಕು ಅನ್ನುವ ಎಲಿಹು ರೂಟ್, ಹ್ಯೂಸ್, ಹೂವರ್ ಥರದ ರಿಪಬ್ಲಿಕನ್ ಮುಖಂಡರೂ ಅವನಿಗೇ ಓಟು ಹಾಕಿ ಅಂದಿದ್ದರು. ಬೆಲೆ ಏರಿಕೆ, ಮುಷ್ಕರ, ಯುದ್ಧದ ದಣಿವು ಎಲ್ಲ ಸೇರಿದ ಓಟು ಅದು. ಅಮೆರಿಕ 1921ರಲ್ಲಿ ಜರ್ಮನಿ ಜೊತೆ ಬೇರೆಯೇ ಒಪ್ಪಂದ ಮಾಡಿಕೊಂಡಿತು.

ಸೋತ ಜರ್ಮನಿಯಲ್ಲಿ ಜನರನ್ನ ಯಾರು ಒಪ್ಪಿಸಿದ್ರು?

ಯಾರೂ ಒಪ್ಪಿಸಲಿಲ್ಲ, ಅದೇ ದುರಂತ. ಮೇ 7ಕ್ಕೆ ಷರತ್ತುಗಳನ್ನು ಕೈಗಿತ್ತರು, ಎದುರುಬದುರು ಕೂತು ಮಾತಾಡುವ ಅವಕಾಶವೇ ಇರಲಿಲ್ಲ. ಪ್ರಧಾನಿ ಶೈಡೆಮನ್ ರಾಜೀನಾಮೆ ಕೊಟ್ಟ. ಸಹಿ ಹಾಕದಿದ್ದರೆ ಮತ್ತೆ ಯುದ್ಧ ಅನ್ನುವ ಬೆದರಿಕೆ, ಆಹಾರಕ್ಕೆ ದಿಗ್ಬಂಧನ. ಜೂನ್ 22ರಂದು ವೈಮಾರ್‌ನಲ್ಲಿ ಸೇರಿದ್ದ ಜರ್ಮನಿಯ ರಾಷ್ಟ್ರೀಯ ಸಭೆ 237ಕ್ಕೆ 138ರಂತೆ ಒಪ್ಪಿತು. ಬೇರೆ ದಾರಿಯಿಲ್ಲ, ಒಪ್ಪಲೇಬೇಕು ಅಂತ ವಾದಿಸಿದ ಮುಖ್ಯ ವ್ಯಕ್ತಿ ಮಥಿಯಾಸ್ ಎರ್ಜ್‌ಬರ್ಗರ್. ಕದನವಿರಾಮಕ್ಕೂ ಅವನೇ ಸಹಿ ಹಾಕಿದ್ದ. ಸೋತ ಸೇನಾಪತಿಗಳು ಹಿಂದೆ ನಿಂತು, ಸಹಿ ಹಾಕುವ ಅವಮಾನವನ್ನು ಈತನಂಥ ರಾಜಕಾರಣಿಗಳ ತಲೆಗೆ ಕಟ್ಟಿದರು, ಆಮೇಲೆ ಬೆನ್ನಿಗೆ ಚೂರಿ ಹಾಕಿದರು ಅಂತ ಇವರ ಮೇಲೇ ಹೊರಿಸಿದರು. 1921ರ ಆಗಸ್ಟ್ 26ರಂದು ವಾಕಿಂಗ್ ಹೋಗಿದ್ದಾಗ ಎರ್ಜ್‌ಬರ್ಗರ್‌ನನ್ನು ಗುಂಡಿಟ್ಟು ಕೊಂದರು.

ಇದರಿಂದ ಮುಂದೆ ಯಾರಾದ್ರೂ ಪಾಠ ಕಲಿತ್ರಾ? ನಿಜವಾಗಿ ಜನರನ್ನ ಒಪ್ಪಿಸಿದ ಉದಾಹರಣೆ ಇದೆಯಾ?

ಅಮೆರಿಕದವರೇ ಕಲಿತರು. 1945ರಲ್ಲಿ ವಿಶ್ವಸಂಸ್ಥೆಯ ಸನ್ನದು ಬರೆಯಲು ಸ್ಯಾನ್ ಫ್ರಾನ್ಸಿಸ್ಕೊಗೆ ಹೋದ ನಿಯೋಗದಲ್ಲಿ ಸೆನೆಟರ್ ಕಾನಲಿಯೂ ಇದ್ದ, ಎದುರು ಪಕ್ಷದ ವ್ಯಾಂಡೆನ್‌ಬರ್ಗ್ ಕೂಡ ಇದ್ದ. ಕಾರ್ಮಿಕ, ರೈತ, ಚರ್ಚ್ ಮುಂತಾದ 42 ಸಂಘಟನೆಗಳನ್ನು ಸಲಹೆಗೆ ಕರೆದಿದ್ದರು. ಸನ್ನದನ್ನು ಶಾಂತಿ ಒಪ್ಪಂದದೊಳಗೆ ಹೆಣೆಯಲೂ ಇಲ್ಲ. ಸೆನೆಟ್‌ನಲ್ಲಿ 89ಕ್ಕೆ 2ರಂತೆ ಪಾಸಾಯಿತು.

ಜನರನ್ನೇ ನೇರವಾಗಿ ಕೇಳಿದ್ದು ಉತ್ತರ ಐರ್ಲೆಂಡಿನಲ್ಲಿ, 1998ರ ಮೇ 22ರಂದು. ಅಲ್ಲಿನ ದಶಕಗಳ ಹಿಂಸಾಚಾರ ನಿಲ್ಲಿಸಲು ಮಾಡಿದ ಒಪ್ಪಂದದ ಪ್ರತಿಯನ್ನು ಮನೆಮನೆಗೂ ಮುಟ್ಟಿಸಿದರು. ಜನರಿಗೆ ನುಂಗಲಾಗದ ತುತ್ತು ಅಂದರೆ ಕೈದಿಗಳ ಬಿಡುಗಡೆ. ಮತದಾನಕ್ಕೆ ಎರಡು ದಿನ ಮುಂಚೆ ಬ್ರಿಟನ್ನಿನ ಪ್ರಧಾನಿ ಬ್ಲೇರ್ ಕೋಲ್ರೇನ್ ಊರಿನಲ್ಲಿ ಐದು ಭರವಸೆಗಳನ್ನು ದೊಡ್ಡ ಫಲಕದ ಮೇಲೆ ಸ್ವಂತ ಕೈಬರಹದಲ್ಲಿ ಬರೆದು ಸಹಿ ಮಾಡಿದ. ನೂರಕ್ಕೆ 71 ಜನ ಹೂಂ ಅಂದರು.

ಉಲ್ಟಾ ಆಗಿದ್ದು ಕೊಲಂಬಿಯಾದಲ್ಲಿ. 2016ರ ಅಕ್ಟೋಬರ್ 2ರಂದು, ಗೆರಿಲ್ಲಾಗಳ ಜೊತೆ ಮಾಡಿದ 297 ಪುಟದ ಒಪ್ಪಂದಕ್ಕೆ 50.2 ಪರ್ಸೆಂಟ್ ಜನ ಬೇಡ ಅಂದರು. ಮತ ಹಾಕಲು ಬಂದವರೇ ನೂರಕ್ಕೆ 38ಕ್ಕಿಂತ ಕಮ್ಮಿ. ಅದರಲ್ಲೂ ಒಂದು ವಿಚಾರ ನೋಡಿ. 2002ರಲ್ಲಿ ಘೋರ ಹತ್ಯಾಕಾಂಡ ಕಂಡ ಬೊಹಾಯಾ ಊರಿನಲ್ಲಿ ಸುಮಾರು 96 ಪರ್ಸೆಂಟ್ ಜನ ಬೇಕು ಅಂದರು. ಪೆಟ್ಟು ತಿಂದ ಊರು ಒಪ್ಪಿತು, ದೂರದ ಎಷ್ಟೋ ಪಟ್ಟಣಗಳು ಒಪ್ಪಲಿಲ್ಲ. ಸರ್ಕಾರ ಒಪ್ಪಂದ ತಿದ್ದಿ, ಎರಡನೇ ಸಲ ಜನರ ಹತ್ತಿರ ಹೋಗದೆ, ಸಂಸತ್ತಿನಲ್ಲಿ ಪಾಸು ಮಾಡಿಸಿಕೊಂಡಿತು.

ನಮ್ಮ ದೇಶದಾಗ ಒಪ್ಪಂದ ಮಾಡುವಾಗ ಜನರನ್ನ ಕೇಳ್ತಾರೇನ್ರಿ?

ಕೇಳಬೇಕು ಅನ್ನುವ ನಿಯಮ ಇಲ್ಲ. ಒಪ್ಪಂದ ಮಾಡುವ ಅಧಿಕಾರ ಕೇಂದ್ರ ಸರ್ಕಾರದ್ದು. ಅಮೆರಿಕದ ಸೆನೆಟ್ ಥರ ಇಲ್ಲಿ ಸಂಸತ್ತಿನ ಅನುಮೋದನೆ ಕಡ್ಡಾಯವಲ್ಲ. ಅದನ್ನು ಜಾರಿ ಮಾಡಲು ಕಾನೂನು ಬೇಕಾದರೆ 253ನೇ ವಿಧಿಯಲ್ಲಿ ಸಂಸತ್ತು ಮಾಡುತ್ತದೆ. 1966ರ ಜನವರಿ 10ರಂದು ತಾಷ್ಕೆಂಟ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಒಪ್ಪಂದಕ್ಕೆ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸಹಿ ಹಾಕಿದರು. ಹಾಜಿ ಪೀರ್ ಕಣಿವೆಯನ್ನು ಬಿಟ್ಟುಕೊಟ್ಟದ್ದಕ್ಕೆ ಊರಲ್ಲಿ ಅಸಮಾಧಾನ ಇತ್ತು. ಬಂದು ಜನರಿಗೆ ವಿವರಿಸುವ ಅವಕಾಶವೇ ಅವರಿಗೆ ಸಿಗಲಿಲ್ಲ, ಆ ರಾತ್ರಿಯೇ ತೀರಿಕೊಂಡರು. 1972ರ ಶಿಮ್ಲಾ ಒಪ್ಪಂದವನ್ನು ಜನಸಂಘ ಬೀದಿಯಲ್ಲಿ ವಿರೋಧಿಸಿತು, ಆದರೂ ನಿಂತಿತು.

ಒಂದು ವಿಷಯಕ್ಕೆ ಮಾತ್ರ ತಡೆ ಇದೆ. ದೇಶದ ನೆಲವನ್ನು ಬಿಟ್ಟುಕೊಡುವುದಾದರೆ ಸಂವಿಧಾನ ತಿದ್ದುಪಡಿ ಆಗಬೇಕು ಅಂತ ಬೇರೂಬಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತು. ಅದಕ್ಕೇ ಬಾಂಗ್ಲಾದೇಶದ ಜೊತೆ 1974ರಲ್ಲಿ ಆದ ಗಡಿ ಒಪ್ಪಂದ, 2015ರಲ್ಲಿ 100ನೇ ತಿದ್ದುಪಡಿ ಆಗುವ ತನಕ ಪೂರ್ತಿ ಜಾರಿಯಾಗಲಿಲ್ಲ. ಆ ವರ್ಷದ ಜುಲೈ 31ರ ಮಧ್ಯರಾತ್ರಿ, ಬಾಂಗ್ಲಾದೊಳಗಿದ್ದ ನಮ್ಮ 111 ತುಂಡು ನೆಲ ಅವರಿಗೆ, ನಮ್ಮೊಳಗಿದ್ದ ಅವರ 51 ತುಂಡು ನಮಗೆ ಬಂದವು. ಅದಕ್ಕೂ ಮುಂಚೆ ಅಲ್ಲಿನ ಮನೆಮನೆಗೆ ಹೋಗಿ, ಯಾವ ದೇಶದ ಪ್ರಜೆ ಆಗುತ್ತೀರಿ ಅಂತ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡರು. ಬಾಂಗ್ಲಾ ಕಡೆಯಿಂದ ಭಾರತಕ್ಕೆ ಬರುತ್ತೇವೆ ಅಂದವರು ಸಾವಿರದ ಒಳಗೆ. ಉಳಿದವರು ತಮ್ಮ ಮನೆ, ಹೊಲ ಇದ್ದಲ್ಲೇ ಉಳಿದರು.